ಜಾಹೀರಾತಿನ ಹೆಂಗಸಾಗಿ ಕ್ಯಾಮೆರಾ ಮುಂದೆ ನಿಲ್ಲುವುದು: ಫೋಟೊ ಪರ್ಫಾರ್ಮೆನ್ಸ್ ಕಟ್ಟುವ ಕ್ರಮ

ಹಳೆಯ ದೀಪಾವಳಿ ವಿಶೇಷಾಂಕ ಒಂದನ್ನು ತೆಗೆದು ಜಾಹೀರಾತಿನ ಪುಟಗಳನ್ನಷ್ಟೇ ತಿರುವಿ. ಸೋಪು, ಟಾಲ್ಕಂ ಪೌಡರು, ವನಸ್ಪತಿ, ಹೊಲಿಗೆ ಮಿಷನ್ನು, ಪ್ರೆಷರ್ ಕುಕ್ಕರು, ಮಾರುವ ವಸ್ತು ಯಾವುದೇ ಇರಲಿ, ಅದನ್ನು ಹಿಡಿದವಳು ಹೆಚ್ಚುಕಡಿಮೆ ಒಬ್ಬಳೇ. ತಲೆ ತುಸು ವಾಲಿದೆ, ಹಲ್ಲು ಅರ್ಧ ಕಾಣುತ್ತಿದೆ, ವಸ್ತು ಕೆನ್ನೆಯ ಎತ್ತರಕ್ಕೆ ಬಂದಿದೆ. ಆ ಜಾಗದಲ್ಲಿ ನೀವೇ ನಿಂತು, ಅದೇ ಬೆಳಕು, ಅದೇ ಪರದೆ, ಅದೇ ಸೆರಗಿನಲ್ಲಿ ಫೋಟೊ ತೆಗೆಸಿ ಅದನ್ನು ಕಲಾಕೃತಿಯಾಗಿ ನಿಲ್ಲಿಸುವ ಕೆಲಸಕ್ಕೆ ಫೋಟೊ ಪರ್ಫಾರ್ಮೆನ್ಸ್ ಎನ್ನುತ್ತಾರೆ.

ಇದರಲ್ಲಿ ನಮ್ಮವರೇ ದೊಡ್ಡ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಪುಷ್ಪಮಾಲಾ ಎನ್. ಬರೋಡದಲ್ಲಿ ಶಿಲ್ಪಕಲೆ ಕಲಿತವರು. 1996–98ರ ‘ಫ್ಯಾಂಟಮ್ ಲೇಡಿ ಆರ್ ಕಿಸ್ಮತ್’ ಸರಣಿಯಿಂದ ತಮ್ಮ ಮೈಯನ್ನೇ ಮಾಧ್ಯಮ ಮಾಡಿಕೊಂಡರು. 2000ರಿಂದ 2004ರವರೆಗೆ ಫೋಟೊಗ್ರಾಫರ್ ಕ್ಲೇರ್ ಆರ್ನಿ ಅವರ ಜೊತೆ ಸೇರಿ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಮಾಡಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ ಇದ್ದಾಳೆ, ಪತ್ರಿಕೆಯಲ್ಲಿ ಅಚ್ಚಾದ ಪೊಲೀಸ್ ಫೋಟೊದ ಆರೋಪಿ ಹೆಂಗಸರೂ ಇದ್ದಾರೆ. ಎಲ್ಲದರಲ್ಲೂ ನಿಂತವರು ಪುಷ್ಪಮಾಲಾ ಅವರೇ.

ಈ ಚಿತ್ರಗಳನ್ನು ನೋಡಿ ಮೊದಲ ಸಲ ಕೈಹಾಕುವವರು ಸಾಮಾನ್ಯವಾಗಿ ಅಣಕಕ್ಕೆ ಇಳಿಯುತ್ತಾರೆ. ಕಣ್ಣು ಅರಳಿಸಿ, ತುಟಿಗೆ ಢಾಳಾಗಿ ಬಣ್ಣ ಬಳಿದು, ವಿಗ್ ಓರೆ ಮಾಡಿ ನಿಲ್ಲುತ್ತಾರೆ. ಆಗ ಅದು ಕಾಲೇಜ್ ಡೇ ಸ್ಕಿಟ್ ಆಗುತ್ತದೆ, ಅದಕ್ಕಿಂತ ಮೇಲೇಳುವುದಿಲ್ಲ. ಕೆಲಸ ಕಚ್ಚುವುದು ನಿಷ್ಠೆಯಲ್ಲಿ. ಮೂಲಚಿತ್ರದ ಎಲ್ಲವನ್ನೂ ಇದ್ದಂತೆಯೇ ಉಳಿಸಿ, ಒಂದೇ ಒಂದನ್ನು ಬದಲಿಸಬೇಕು. ಕೆಳಗಿನ ಅಳತೆ, ಲೆಕ್ಕಗಳೆಲ್ಲ ಆ ನಿಷ್ಠೆ ಸಾಧಿಸುವುದಕ್ಕೆ.

ಮೂಲಚಿತ್ರ ಆರಿಸುವುದು

ಒಬ್ಬಳೇ ಹೆಂಗಸು, ಒಂದೇ ವಸ್ತು, ಒಳಾಂಗಣ ಇರುವ ಜಾಹೀರಾತು ಮೊದಲ ಕೆಲಸಕ್ಕೆ ಸಾಕು. ಇಡೀ ಸಂಸಾರ ಊಟದ ಮೇಜಿನ ಸುತ್ತ ಕೂತಿರುವಂಥದ್ದು ಬೇಡ, ಐದು ಜನರ ಭಂಗಿ ಒಟ್ಟಿಗೆ ಕೂಡಿಬರುವಷ್ಟರಲ್ಲಿ ಎಲ್ಲರೂ ಸುಸ್ತಾಗಿರುತ್ತಾರೆ. ಆರಿಸುವಾಗ ಎರಡನ್ನು ನೋಡಿ: ಅವಳ ಕಣ್ಣು ಎಲ್ಲಿದೆ, ಕೈ ಏನು ಮಾಡುತ್ತಿದೆ. ಕಣ್ಣು ನೋಡುಗರ ಕಡೆಗೋ, ವಸ್ತುವಿನ ಕಡೆಗೋ, ಗಂಡನ ಕಡೆಗೋ? ಕೈ ಆ ವಸ್ತುವನ್ನು ಬಳಸುತ್ತಿದೆಯೋ, ಬರೀ ತೋರಿಸುತ್ತಿದೆಯೋ? ಅಡುಗೆಮನೆಯ ಜಾಹೀರಾತುಗಳಲ್ಲೂ ಬಹಳ ಸಲ ಕೈ ತೋರಿಸುತ್ತಿರುತ್ತದೆ, ಅಡುಗೆ ಮಾಡುತ್ತಿರುವುದಿಲ್ಲ. ನೀವು ಬದಲಿಸುವ ಆ ಒಂದು ಅಂಶ ಸಿಗುವುದು ಇಂಥ ಕಡೆಯೇ.

ಹಕ್ಕಿನ ವಿಷಯ ಮೊದಲೇ ಬಗೆಹರಿಸಿಕೊಳ್ಳಿ. ನಮ್ಮ ಕಾಯ್ದೆಯಲ್ಲಿ ಫೋಟೊದ ಹಕ್ಕು 2012ರವರೆಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇತ್ತು. ಆ ವರ್ಷದ ತಿದ್ದುಪಡಿಯ ಮೇಲೆ ಫೋಟೊಕ್ಕೂ ಬರೆದ ಚಿತ್ರಕ್ಕೂ ಲೆಕ್ಕ ಒಂದೇ. ತೆಗೆದವರು ಅಥವಾ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಾಗಾಗಿ ಅವನ ಚಿತ್ರಗಳಿಗೆ ತೊಡಕಿಲ್ಲ. 1894ರಲ್ಲಿ ಅವನು ಮುಂಬೈಯಲ್ಲಿ ಅಚ್ಚುಕೂಟ ತೆರೆದ ಮೇಲೆ ದೇವಿಯರು ಅಗ್ಗದ ಅಚ್ಚಿನಲ್ಲಿ ಮನೆಮನೆಗೆ ಬಂದರು. ಆ ಅಚ್ಚಿನ ದಾರಿ ಹಿಡಿದೇ ಮುಂದೆ ಸೋಪು, ಬೇಬಿ ಫುಡ್ ಕಂಪನಿಗಳ ಕ್ಯಾಲೆಂಡರ್ ದೇವಿಯರು ಹುಟ್ಟಿದ್ದು. ದೇವಿಯನ್ನೂ ಮಾಡೆಲ್ಲನ್ನೂ ಒಂದೇ ಗೋಡೆಯಲ್ಲಿ ನೋಡಿ ಬೆಳೆದ ನಮಗೆ ಇಲ್ಲಿಂದ ಶುರುಮಾಡುವುದು ಸಹಜ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರವನ್ನೂ ರವಿವರ್ಮನದೆಂದೇ ಬಹಳ ಜನ ನಂಬಿದ್ದಾರೆ. ಅದು ಎಸ್.ಎಲ್. ಹಲ್ದಂಕರ್ ಅವರ ಜಲವರ್ಣ. ಅವರು ತೀರಿಕೊಂಡದ್ದು 1968ರಲ್ಲಿ, ಆದ್ದರಿಂದ ಅದರ ಹಕ್ಕು 2028ರ ಕೊನೆಯವರೆಗೆ ಇದ್ದೇ ಇರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಮಾರಾಟಕ್ಕೆ ಇಡುವ ಮುಂಚೆ ಯೋಚಿಸಿ.

ಬ್ರ್ಯಾಂಡ್ ಹೆಸರು, ಲೋಗೊಗಳಿಗೆ ಈ 60 ವರ್ಷದ ಲೆಕ್ಕ ಅನ್ವಯಿಸುವುದಿಲ್ಲ. ಟ್ರೇಡ್‌ಮಾರ್ಕ್ ಅನ್ನು ಮತ್ತೆ ಮತ್ತೆ ನವೀಕರಿಸುತ್ತ ಹೋಗಬಹುದು. ಪೊಟ್ಟಣವನ್ನು ನೀವೇ ಮಾಡಿಕೊಳ್ಳುವುದು ಒಳ್ಳೆಯದು.

ಸ್ಕೇಲು, ಪೆನ್ಸಿಲು ಹಿಡಿದು ಮೂಲವನ್ನು ಓದುವುದು

ಜಾಹೀರಾತನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಎ4 ಅಳತೆಗೆ ಎರಡು ಪ್ರತಿ ತೆಗೆಸಿ, ಒಂದು ಕಾಗದದ ಮೇಲೆ, ಇನ್ನೊಂದು ಪಾರದರ್ಶಕ ಓಎಚ್‌ಪಿ ಹಾಳೆಯ ಮೇಲೆ. ಕಾಗದದ ಪ್ರತಿಗೆ ಅಡ್ಡ 8, ಉದ್ದ 10 ಚೌಕದ ಜಾಲ ಎಳೆದು, ಎಡಗಣ್ಣು, ಗದ್ದ, ಮೊಣಕೈ, ಮಣಿಕಟ್ಟು, ವಸ್ತುವಿನ ನಾಲ್ಕು ಮೂಲೆ ಯಾವ ಯಾವ ಚೌಕದಲ್ಲಿವೆ ಎಂದು ಬರೆದುಕೊಳ್ಳಿ.

ಆಮೇಲೆ ಕ್ಯಾಮೆರಾದ ಎತ್ತರ ಹುಡುಕಬೇಕು. ಚಿತ್ರದಲ್ಲಿ ಮೇಜೋ ಸ್ಟೂಲೋ ಇದ್ದರೆ ಅದರ ಮೇಲ್ಮೈ ನೋಡಿ. ಮೇಲ್ಮೈ ಕಾಣುತ್ತಿದ್ದರೆ ಕ್ಯಾಮೆರಾ ಅದಕ್ಕಿಂತ ಮೇಲಿತ್ತು. ಬರೀ ಗೆರೆಯಾಗಿ ಕಂಡರೆ ಸರಿಯಾಗಿ ಅದೇ ಎತ್ತರದಲ್ಲಿತ್ತು. ಐವತ್ತು-ಅರವತ್ತರ ದಶಕದ ಸ್ಟುಡಿಯೊ ಫೋಟೊಗಳಲ್ಲಿ ಹೆಂಗಸು ಎತ್ತರವಾಗಿ, ಗದ್ದ ಸ್ವಲ್ಪ ಮೇಲಾಗಿ ಕಾಣುವುದಕ್ಕೆ ಒಂದು ಕಾರಣ ಆಗಿನ ಎರಡು ಲೆನ್ಸಿನ ಕ್ಯಾಮೆರಾ. ಅದನ್ನು ಸೊಂಟದ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ನೀವು ಕಣ್ಣೆತ್ತರದಿಂದ ತೆಗೆದರೆ ಉಳಿದೆಲ್ಲ ಹೊಂದಿದರೂ ಚಿತ್ರ ಹೊಂದುವುದಿಲ್ಲ, ಯಾಕೆ ಎಂಬುದೂ ಗೊತ್ತಾಗುವುದಿಲ್ಲ. ಟ್ರೈಪಾಡ್ ಅನ್ನು 3ರಿಂದ 3.5 ಅಡಿಗೆ ಇಳಿಸಿ ನೋಡಿ.

ಬೆಳಕಿಗೆ ಮೂಗಿನ ನೆರಳೇ ದಿಕ್ಸೂಚಿ. ನೆರಳು ತುಟಿಯ ಕಡೆ ನೇರ ಬಿದ್ದಿದ್ದರೆ ದೀಪ ಎದುರಿಗೆ, ಮೇಲೆ ಇತ್ತು. ಎಡಗೆನ್ನೆಗೆ ಬಿದ್ದಿದ್ದರೆ ಅವಳ ಬಲಗಡೆ ಇತ್ತು. ನೆರಳಿನ ಅಂಚು ಕತ್ತರಿಸಿದಂತಿದ್ದರೆ ಸಣ್ಣ ದೀಪ, ಕರಗಿದಂತಿದ್ದರೆ ದೊಡ್ಡ ಕಿಟಕಿ ಅಥವಾ ಬಟ್ಟೆ ಮುಚ್ಚಿದ ದೀಪ. ಕಣ್ಣಿನ ಕಪ್ಪಿನಲ್ಲಿರುವ ಬಿಳಿಚುಕ್ಕೆಗಳನ್ನು ಲೆನ್ಸ್ ಹಿಡಿದು ಎಣಿಸಿದರೆ ಎಷ್ಟು ದೀಪ ಇದ್ದವೆಂದೂ ಸಿಗುತ್ತದೆ. ಆದರೆ ಅಚ್ಚಿಗೆ ಮುಂಚೆ ರೀಟಚ್ ಮಾಡುವವರು ಒಂದು ಚುಕ್ಕೆ ಅಳಿಸಿರಬಹುದು, ಅದನ್ನೇ ಪೂರ್ತಿ ನಂಬಬೇಡಿ.

ಗೋಡೆಯಲ್ಲಿ ಬಿಸಿಲು ತಿಂದ ಹಳೆಯ ಕ್ಯಾಲೆಂಡರು ನೀಲಿಗೆ ತಿರುಗಿರುತ್ತದೆ. ಅಚ್ಚಿನ ಕೆಂಪು, ಹಳದಿ ಶಾಯಿ ಬೇಗ ಮಾಸಿ ನೀಲಿ, ಕಪ್ಪು ಉಳಿಯುವುದರಿಂದ ಹಾಗೆ. ನೀವು ಮಾಸಿದ ಚಿತ್ರ ಮಾಡುತ್ತೀರೋ, ಅಚ್ಚಾದ ದಿನದ ಚಿತ್ರ ಮಾಡುತ್ತೀರೋ, ಈಗಲೇ ತೀರ್ಮಾನಿಸಿ. ಎರಡನೆಯದೇ ಮೇಲು. ಮಾಸಿದ ಬಣ್ಣ ನೋಡುಗರನ್ನು ಹಳೆಯ ಕಾಲದ ಹಂಬಲಕ್ಕೆ ತಳ್ಳುತ್ತದೆ, ಜಾಹೀರಾತು ಅಂದು ಮಾಡಿದ ಕೆಲಸ ಮರೆಯಾಗುತ್ತದೆ.

ಜಾಗ, ಪರದೆ

ಕ್ಯಾಮೆರಾದಿಂದ ನಿಮಗೆ 10 ಅಡಿ, ನಿಮ್ಮಿಂದ ಪರದೆಗೆ 4 ಅಡಿ, ಕ್ಯಾಮೆರಾ ಹಿಂದೆ ಒಬ್ಬರು ನಿಲ್ಲಲು 3 ಅಡಿ. ಒಟ್ಟು 17 ಅಡಿ ಉದ್ದದ ಕೋಣೆ ಬೇಕು. ಮನೆಯಲ್ಲಿ ಇಷ್ಟು ಸಿಗದಿದ್ದರೆ ತಾರಸಿ, ಶಾಲೆಯ ಹಾಲ್, ಕಲ್ಯಾಣಮಂಟಪದ ಊಟದ ಕೋಣೆ ನೋಡಿ. ಜಾಗ ಸಾಲದೆಂದು ಮೊಬೈಲಿನ ಅಗಲ ಲೆನ್ಸಿನಲ್ಲಿ 5 ಅಡಿಯಿಂದ ತೆಗೆದರೆ ಮುಂದೆ ಚಾಚಿದ ಕೈ ಮುಖದಷ್ಟು ದೊಡ್ಡದಾಗುತ್ತದೆ. ಸೋಪಿನ ಜಾಹೀರಾತಿನಲ್ಲಿ ಇದೇ ಮೊದಲು ಕೆಡುವುದು.

ಈ ದೂರಕ್ಕೆ 9 ಅಡಿ ಎತ್ತರ, 8 ಅಡಿ ಅಗಲದ ಪರದೆ ಸಾಕು. 60 ಇಂಚು ಪನ್ನದ ಕೋರಾ ಬಟ್ಟೆ ಐದೂವರೆ ಮೀಟರ್ ತಂದು, ಎರಡು ತುಂಡನ್ನು ಹೊಲಿಗೆ ಅಡ್ಡಕ್ಕೆ ಬರುವಂತೆ ಕೂಡಿಸಿ. ಹೊಲಿಗೆ ಉದ್ದಕ್ಕೆ ಬಂದರೆ ತೂಗುಹಾಕಿದಾಗ ಬಟ್ಟೆ ಸುಕ್ಕು ಎಳೆಯುತ್ತದೆ. ನಾಟಕದ ಪರದೆಗಳಲ್ಲೂ ಹೊಲಿಗೆ ಅಡ್ಡಕ್ಕೇ ಇರುವುದು ಇದಕ್ಕೆ.

ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದ ಮೇಲೆಯೇ ಅಂಟು ಹಚ್ಚಬೇಕು. ಮೊದಲೇ ಹಚ್ಚಿದರೆ ಕೋರಾ ಬಟ್ಟೆ ಎಲ್ಲ ಕಡೆ ಒಂದೇ ಸಮ ಕುಗ್ಗದೆ ಅಂಚು ಅಲೆಯಲೆಯಾಗುತ್ತದೆ. 300 ಗ್ರಾಂ ಫೆವಿಕಾಲನ್ನು 1.2 ಲೀಟರ್ ನೀರಿನಲ್ಲಿ ಕಲಸಿ, ಎರಡು ಹಿಡಿ ಚಾಕ್ ಪೌಡರ್ ಸೇರಿಸಿ ಅಗಲ ಬ್ರಷ್‌ನಿಂದ ಒಂದು ಕೋಟ್ ಹಚ್ಚಿ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು, ಮಳೆಗಾಲದಲ್ಲಿ ಎರಡು ದಿನ ಬೇಕು. ಅಂಟು ಜಾಸ್ತಿಯಾದರೆ ಪರದೆ ಹೊಳೆಯುತ್ತದೆ, ಮಡಿಸಿದಲ್ಲಿ ಬಿರಿಯುತ್ತದೆ. ಇದರ ಮೇಲೆ ಮ್ಯಾಟ್ ಎಮಲ್ಶನ್ ಅಥವಾ ಡಿಸ್ಟೆಂಪರ್‌ಗೆ ಸ್ಟೇನರ್ ಕಲಸಿ ಚಿತ್ರ ಬರೆಯುವುದು. ಎರಡು ಲೀಟರ್ ಸಾಕು. ಸೆಮಿ-ಗ್ಲಾಸ್ ಖಂಡಿತ ಬೇಡ, ದೀಪದ ಬಿಳಿ ಮಚ್ಚೆ ಕಾಣುತ್ತದೆ.

ಕಂಬ, ಪರದೆ, ಹೂದಾನಿ, ದೂರದ ಸರೋವರ, ಏನೇ ಬರೆದರೂ ಅದು ಆಕೃತಿಗಿಂತ ಮಂಕಾಗಿರಲಿ. ಬರೆದ ಮೇಲೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಪರದೆಯ ಯಾವ ಭಾಗವಾದರೂ ನಿಮ್ಮ ಮುಖಕ್ಕಿಂತ ಬೆಳ್ಳಗೆ ಕಂಡರೆ ತೆಳು ಬೂದಿಬಣ್ಣ ಒರೆಸಿ ಇಳಿಸಿ. ಊರಿನಲ್ಲಿ ಬೋರ್ಡ್ ಬರೆಯುವ ಕಲಾವಿದರಿದ್ದರೆ ಅವರಿಂದಲೇ ಬರೆಸಿ, ಕೃತಿಯ ಶೀರ್ಷಿಕೆಪಟ್ಟಿಯಲ್ಲಿ ಹೆಸರು ಹಾಕಿ. ಫ್ಲೆಕ್ಸ್ ಪ್ರಿಂಟ್ ಪರದೆ ಅಗ್ಗ, ಆದರೆ ಅದರ ಹೊಳಪನ್ನು ಯಾವ ದೀಪದಿಂದಲೂ ಅಡಗಿಸಲಾಗದು.

ಸೀರೆ, ತಲೆಗೂದಲು, ಪೊಟ್ಟಣ

ಜಾಹೀರಾತಿನ ಸೀರೆ ಉಟ್ಟಂತೆ ಕಾಣುವುದಿಲ್ಲ, ಜೋಡಿಸಿಟ್ಟಂತೆ ಕಾಣುತ್ತದೆ. ಸೆರಗಿನ ಅಂಚು ಮೇಲಿಂದ ಕೆಳಗೆ ಒಂದೇ ಗೆರೆ, ನೆರಿಗೆಗಳ ಅಗಲ ಒಂದೇ ಸಮ. ಹತ್ತಿ ಸೀರೆಗೆ ಅಕ್ಕಿ ಗಂಜಿ ಹಾಕಿ ಇಸ್ತ್ರಿ ಮಾಡಿ. ನೈಲಾನು, ಜಾರ್ಜೆಟ್ಟಾದರೆ ನೆರಿಗೆಯನ್ನು ಉಡುವ ಮೊದಲೇ ಇಸ್ತ್ರಿಯಲ್ಲಿ ಕೂರಿಸಿ, ಕ್ಲಿಪ್ಪು ಹಾಕಿ, ಉಟ್ಟ ಮೇಲೆ ತೆಗೆಯಿರಿ. ಕ್ಯಾಮೆರಾಕ್ಕೆ ಕಾಣದ ಬೆನ್ನಿನ ಕಡೆ ಎಷ್ಟು ಪಿನ್ನು ಬೇಕೋ ಅಷ್ಟು ಹಾಕಬಹುದು, ಇಪ್ಪತ್ತಾದರೂ ಸರಿ. ರವಿಕೆಯ ತೋಳಿನ ಉದ್ದ ದಶಕವನ್ನೇ ಹೇಳಿಬಿಡುತ್ತದೆ, ಈಗಿನ ರವಿಕೆಯಲ್ಲಿ ಅರವತ್ತರ ಜಾಹೀರಾತು ಮಾಡಲಾಗದು. ಕಂಠದ ಆಕಾರ, ತೋಳಿನ ಅಂಚು ಮೂಲದಿಂದ ಅಳೆದು ಹೊಲಿಸಿ. ಹಳೇ ವೇಷಭೂಷಣ, ಡ್ಯಾನ್ಸ್ ಒಡವೆಗಳು ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ–ಬಳೇಪೇಟೆ ಸುತ್ತ ಸಿಗುತ್ತವೆ. ಒನ್ ಗ್ರಾಂ ಗೋಲ್ಡ್ ಒಡವೆ ಸಾಕು. ಆದರೆ ಹೊಸದರ ಮಿರುಗು ಕ್ಯಾಮೆರಾದಲ್ಲಿ ತಗಡಿನಂತೆ ಕಾಣುವುದರಿಂದ ಮೇಲೆ ತೆಳ್ಳಗೆ ಪೌಡರ್ ಸವರಿ.

ಎಡ-ಬಲ ತಪ್ಪುವುದು ಇಲ್ಲಿಯೇ. ಮೊಬೈಲಿನ ಸೆಲ್ಫಿ ಪರದೆ ಕನ್ನಡಿಯಂತೆ ತಿರುಗಿಸಿ ತೋರಿಸುತ್ತದೆ. ಅದನ್ನು ನೋಡಿಕೊಂಡು ಭಂಗಿ ಹೊಂದಿಸಿದರೆ ಕೊನೆಯ ಚಿತ್ರದಲ್ಲಿ ತಲೆ ವಾಲಿದ್ದು ಉಲ್ಟಾ. ಚಿತ್ರವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ಸರಿಮಾಡೋಣವೆಂದರೆ ಸೆರಗು ಬಲ ಹೆಗಲಿಗೆ ಹೋಗುತ್ತದೆ. ಗುಜರಾತಿ ಅಥವಾ ಕೊಡಗಿನ ಉಡುಗೆಯಲ್ಲದೆ ಬಲ ಹೆಗಲಲ್ಲಿ ಸೆರಗು ಕಂಡರೆ ನಮ್ಮವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಮುಖಕ್ಕೆ ಮ್ಯಾಟ್ ಪ್ಯಾನ್‌ಕೇಕ್ ಹಚ್ಚಿದರೆ ಕಿವಿ, ಕುತ್ತಿಗೆ, ಮುಂಗೈಗೂ ಹಚ್ಚಬೇಕು, ಇಲ್ಲದಿದ್ದರೆ ಮುಖ ಬೇರೆಯವರದೆಂಬಂತೆ ಕಾಣುತ್ತದೆ. ನಿಮ್ಮ ಮೈಬಣ್ಣಕ್ಕಿಂತ ಕಪ್ಪಾಗಿಯೋ ಬೆಳ್ಳಗಾಗಿಯೋ ಬಳಿದುಕೊಳ್ಳುವುದು ಬೇಡ. ಜಾಹೀರಾತಿನವರು ಮಾಡಿದ ಕೆಲಸವನ್ನೇ ನೀವೂ ಮಾಡಿದ ಹಾಗಾಗುತ್ತದೆ. ಮೈಬಣ್ಣವೇ ವಿಷಯವಾದರೆ ಅದಕ್ಕೆ ಬೇರೆ ಉಪಾಯವಿದೆ, ಮುಂದೆ ಬರುತ್ತದೆ.

ಸೋಪಿನ ಪೊಟ್ಟಣ ಮಾಡಲು 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಬಿಳಿ ಕಾರ್ಡ್ ಸಾಕು. ಮೂಲದ ಬಣ್ಣಗಳ ಪ್ರಮಾಣ ಹಾಗೇ ಉಳಿಯಲಿ, ಮೂರನೇ ಎರಡು ಪಾಲು ಹಸಿರು, ಉಳಿದದ್ದು ಕೆನೆಬಣ್ಣ ಎಂಬಂತೆ. ಅಕ್ಷರವಿದ್ದ ಜಾಗ ಖಾಲಿ ಬಿಡಿ ಅಥವಾ ಇಲ್ಲದ ಹೆಸರು ಬರೆಯಿರಿ. ಬಣ್ಣ ಹೊಂದಿದರೆ ಸಾಕು, ಯಾವ ಸೋಪೆಂದು ನೋಡುವವರು ತಾವೇ ಊಹಿಸುತ್ತಾರೆ. ಲ್ಯಾಮಿನೇಶನ್ ಮಾಡಿಸಬೇಡಿ.

ದೀಪ, ಕ್ಯಾಮೆರಾ

10 ಅಡಿಯಿಂದ ಪೂರ್ತಿ ಆಳು ತಲೆಯ ಮೇಲೆ ಸ್ವಲ್ಪ ಜಾಗದೊಡನೆ ಬರಲು ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ಫುಲ್-ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ, ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್ ಹಾಕಿ. ಮೊಬೈಲಿನಲ್ಲಿ 2ಎಕ್ಸ್ ಹೆಚ್ಚುಕಡಿಮೆ ಅದೇ ನೋಟ ಕೊಡುತ್ತದೆ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/8ರಿಂದ ಎಫ್/11. ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು. ಫುಲ್-ಫ್ರೇಮಿನಲ್ಲಿ ಎಫ್/8ಕ್ಕೆ ಸುಮಾರು ಏಳೂವರೆ ಅಡಿಯಿಂದ 14 ಅಡಿವರೆಗೆ ಚುರುಕಾಗಿ ಬರುತ್ತದೆ, ಅಂದರೆ ಪರದೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಪರದೆ ಬರೆದದ್ದು ಎಂದು ಸ್ಪಷ್ಟವಾಗಿ ಕಾಣಬೇಕಿದ್ದರೆ ಎಫ್/11. ಈಗಿನ ಅಭ್ಯಾಸದಂತೆ ಎಫ್/1.8ರಲ್ಲಿ ಹಿನ್ನೆಲೆ ಮಸುಕು ಮಾಡಿದರೆ ಪರದೆಗೆ ಪಟ್ಟ ಶ್ರಮ ಹೋಯಿತು, ಚಿತ್ರವೂ ಮದುವೆ ಆಲ್ಬಮ್ಮಿನದಾಯಿತು.

ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಿಂದ 400, ಟ್ರೈಪಾಡ್ ಇರಲೇಬೇಕು. ಎಲ್‌ಇಡಿ ದೀಪವಾದರೆ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, 1/200ರಲ್ಲಿ ಚಿತ್ರಕ್ಕೆ ಅಡ್ಡಪಟ್ಟೆ ಬೀಳಬಹುದು. ದೀಪ ಕೊಳ್ಳುವಾಗ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ರ ಮೇಲಿದೆಯೇ ಕೇಳಿ. ಕಡಿಮೆ ಇರುವ ದೀಪದಲ್ಲಿ ಮೊದಲು ಸಾಯುವುದು ಕೆಂಪು. ಕುಂಕುಮ, ರೇಷ್ಮೆಯ ಅಂಚು, ತುಟಿ ಎಲ್ಲ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತವೆ, ಕಂಪ್ಯೂಟರಿನಲ್ಲಿ ಕೆಂಪು ಏರಿಸಿದರೆ ಚರ್ಮವೂ ಕೆಂಪಾಗುತ್ತದೆ. ಕಿಟಕಿಯ ಬೆಳಕು, ಕೋಣೆಯ ಟ್ಯೂಬ್‌ಲೈಟು, ನಿಮ್ಮ ದೀಪ ಮೂರೂ ಬೆರೆಯದಂತೆ ಕಿಟಕಿ ಮುಚ್ಚಿ, ಟ್ಯೂಬ್ ಆರಿಸಿ. ನೆರಳಿನ ಕಡೆ ತುಂಬಲು ಬಿಳಿ ಥರ್ಮೋಕೋಲ್ ಹಾಳೆ ಸಾಕು. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ.

ಭಂಗಿ

ಕ್ಯಾಮೆರಾವನ್ನು ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಪರದೆಯ ಮೇಲೆ ಓಎಚ್‌ಪಿ ಹಾಳೆ ಅಂಟಿಸಿ. ಸಹಾಯಕ್ಕೆ ಒಬ್ಬರು ಕೂತು, “ಮೊಣಕೈ ಒಂದು ಇಂಚು ಮೇಲೆ, ಗದ್ದ ಕಿಟಕಿ ಕಡೆ” ಎಂದು ಹೇಳುತ್ತ ಹೋಗಬೇಕು. ಎಡ, ಬಲ ಎಂಬ ಮಾತನ್ನೇ ಬಿಟ್ಟು “ಬಾಗಿಲ ಕಡೆ, ಕಿಟಕಿ ಕಡೆ” ಎಂದರೆ ಗೊಂದಲವಿಲ್ಲ. ಪಾದದ ಜಾಗ, ಸ್ಟೂಲಿನ ಕಾಲು, ಟ್ರೈಪಾಡಿನ ಕಾಲು ಎಲ್ಲಕ್ಕೂ ನೆಲದಲ್ಲಿ ಟೇಪಿನ ಗುರುತು ಹಾಕಿ.

ಮೊದಲು ಪಾದ, ಆಮೇಲೆ ಸೊಂಟ, ಹೆಗಲು, ಮೊಣಕೈ, ಮಣಿಕಟ್ಟು, ಕೊನೆಗೆ ತಲೆ, ಕಣ್ಣು. ಮುಖದಿಂದ ಶುರುಮಾಡಿದರೆ ಕೆಳಗಿನದನ್ನು ಸರಿಪಡಿಸುವಾಗ ಮುಖ ಮತ್ತೆ ಕದಲುತ್ತದೆ.

ಬೆರಳುಗಳ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಜಾಹೀರಾತಿನವಳು ಸೋಪನ್ನು ಅಂಗೈಯಲ್ಲಿ ಹಿಡಿದಿರುವುದಿಲ್ಲ. ಹಾಗೆ ಹಿಡಿದರೆ ಹೆಸರು ಮುಚ್ಚುತ್ತದೆ. ಹೆಬ್ಬೆರಳು ಹಿಂದೆ, ಮಧ್ಯದ ಎರಡು ಬೆರಳ ತುದಿ ಅಂಚಿಗೆ, ಕಿರುಬೆರಳು ಗಾಳಿಯಲ್ಲಿ, ಮಣಿಕಟ್ಟು ಹೊರಕ್ಕೆ ತಿರುಚಿ, ಇದು ಸೋಪು ಹಿಡಿಯುವ ಕ್ರಮವಲ್ಲ, ಲೇಬಲ್ ಹಿಡಿಯುವ ಕ್ರಮ. ಹೀಗೆ ಅರ್ಧ ನಿಮಿಷ ಹಿಡಿದರೆ ಹೆಬ್ಬೆರಳಿನ ಬುಡ ನೋಯುತ್ತದೆ. ಚಿತ್ರದಲ್ಲಿ ಸಲೀಸಾಗಿ ಕಾಣುವ ಹೆಣ್ತನಕ್ಕೆ ಎಷ್ಟು ಸ್ನಾಯು ಬೇಕು ಎಂಬುದು ಮೈಗೇ ಗೊತ್ತಾಗುತ್ತದೆ. ಈ ಕೆಲಸವನ್ನು ಬಾಡಿಗೆ ಮಾಡೆಲ್‌ನಿಂದ ಮಾಡಿಸದೆ ಕಲಾವಿದೆ ತಾನೇ ನಿಲ್ಲಬೇಕೆನ್ನುವುದು ಇದಕ್ಕೇ. ಕುಕ್ಕರಿನಂಥ ಭಾರದ ವಸ್ತುವಾದರೆ ಚೌಕಟ್ಟಿನ ಹೊರಗೆ ಮೊಣಕೈಗೆ ಒಂದು ಆಸರೆ ಕೊಡಿ. ನಡುಗಿದ ಕೈ 1/50ರಲ್ಲಿ ಮಸುಕಾಗುತ್ತದೆ.

ನಗು ಐದಾರು ಸೆಕೆಂಡಿನಲ್ಲಿ ಬಿಗಿದುಕೊಳ್ಳುತ್ತದೆ. ಕಣ್ಣು ಮುಚ್ಚಿ, ತುಟಿ ಸಡಿಲ ಬಿಟ್ಟು ನಿಲ್ಲಿ. ಸಹಾಯಕರು ಮೂರು ಎಣಿಸಿದಾಗ ಕಣ್ಣು ತೆರೆದು ನಗಬೇಕು, ಆಗಲೇ ಎರಡು ಮೂರು ಚಿತ್ರ ಕ್ಲಿಕ್ಕಿಸಬೇಕು. ಹದಿನೈದು ಚಿತ್ರಕ್ಕೊಮ್ಮೆ ಕೂತು ನೀರು ಕುಡಿಯಿರಿ. ಮೊದಲ ಸುತ್ತು ಬದಲಾವಣೆ ಇಲ್ಲದೆ, ಮೂಲದಂತೆಯೇ ತೆಗೆಯಬೇಕು. ಅದು ಹೊಂದದೆ ಮುಂದಕ್ಕೆ ಹೋಗಬೇಡಿ.

ಆ ಒಂದು ಬದಲಾವಣೆ

ಸುಲಭದ್ದು, ಬಹಳ ಸಲ ಒಳ್ಳೆಯದೂ ಆದದ್ದು, ವಸ್ತುವನ್ನು ತೆಗೆದುಬಿಡುವುದು. ಪೊಟ್ಟಣವಿಲ್ಲದ ಕೈ ಅದೇ ತಿರುಚಿನಲ್ಲಿ ಗಾಳಿಯನ್ನು ಹಿಡಿದು ನಿಲ್ಲುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಅಳಿಸಿ ಮಾಡಬೇಡಿ, ಖಾಲಿ ಕೈಯಲ್ಲೇ ಮತ್ತೆ ತೆಗೆಯಿರಿ. ಬೆರಳಿನ ಒಳಬದಿಯ ಬೆಳಕು ಬೇರೆಯೇ ಇರುತ್ತದೆ, ಅಳಿಸಿದ್ದು ಗೊತ್ತಾಗುತ್ತದೆ. ಇನ್ನೊಂದು, ಕಣ್ಣನ್ನು ಬದಲಿಸುವುದು: ವಸ್ತುವನ್ನು ನೋಡುತ್ತಿದ್ದವಳು ನೇರ ಕ್ಯಾಮೆರಾ ನೋಡಿದರೆ ಸಾಕು, ಉಳಿದ ನಗು ಅದೇ ಇರಲಿ. ಮತ್ತೊಂದು, ಚೌಕಟ್ಟನ್ನು ಹಿಗ್ಗಿಸಿ ಪರದೆಯ ಅಂಚು, ದೀಪದ ಕಾಲು, ಬೆನ್ನಿನ ಪಿನ್ನು ಕಾಣಿಸುವುದು. ಪುಷ್ಪಮಾಲಾ–ಆರ್ನಿ ಕೂಡ ತಯಾರಿಯ ಚಿತ್ರಗಳನ್ನು ಸರಣಿಯ ಒಂದು ಭಾಗವಾಗಿಯೇ ಇಟ್ಟಿದ್ದರು. ಈಚೆಗೆ ಇದನ್ನು ಎಲ್ಲರೂ ಮಾಡುವುದರಿಂದ ಮೊನಚು ಕಡಿಮೆಯಾಗಿದೆ, ಬೇರೆ ದಾರಿ ಇಲ್ಲದಾಗ ಮಾತ್ರ ಬಳಸಿ.

ಕೈಯ ಚಲನೆಯನ್ನೇ ಬದಲಿಸುವುದಕ್ಕೆ ಅಮೆರಿಕದ ಕಲಾವಿದೆ ಮಾರ್ಥಾ ರಾಸ್ಲರ್ 1975ರಲ್ಲಿ ಮಾಡಿದ ‘ಸೆಮಿಯಾಟಿಕ್ಸ್ ಆಫ್ ದಿ ಕಿಚನ್’ ವಿಡಿಯೊ ನೋಡಬೇಕು. ಏಪ್ರನ್ ತೊಟ್ಟು, ಟಿವಿ ಅಡುಗೆ ಕಾರ್ಯಕ್ರಮದವಳಂತೆ ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದೇ ಪಾತ್ರೆಪಡಗ ತೋರಿಸುತ್ತಾರೆ. ಚಾಕು ಬಂದಾಗ ಗಾಳಿಯನ್ನು ತಿವಿಯುತ್ತಾರೆ, ಸೌಟು ಬಂದಾಗ ಅದರಲ್ಲಿಲ್ಲದ ಸಾರನ್ನು ಪಕ್ಕಕ್ಕೆ ಎಸೆಯುತ್ತಾರೆ. ಮುಖದಲ್ಲಿ ಏನೂ ಇಲ್ಲ. ನಕ್ಕಿದ್ದರೆ ಅಥವಾ ಸಿಟ್ಟು ತೋರಿಸಿದ್ದರೆ ಆ ಆರು ನಿಮಿಷ ಇಷ್ಟು ವರ್ಷ ಉಳಿಯುತ್ತಿರಲಿಲ್ಲ.

ಎರಡು ಬದಲಾವಣೆಯ ಆಸೆ ಬಂದೇ ಬರುತ್ತದೆ. ಖಾಲಿ ಕೈ, ಮೇಲೆ ಕ್ಯಾಮೆರಾದತ್ತ ಕಣ್ಣು, ಮೇಲೊಂದು ಘೋಷಣೆ. ಬೇಡ. ಎರಡಾದರೆ ನೋಡುವವರು ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ‘ಏನೋ ವಿಡಂಬನೆ’ ಎಂದು ಮುಂದೆ ಹೋಗುತ್ತಾರೆ. ಅಕ್ಷರ ಹಾಕಲೇಬೇಕೆಂದರೆ ಅದೇ ಆ ಒಂದು ಬದಲಾವಣೆಯಾಗಲಿ. ಕೆಂಪು ಪಟ್ಟಿಯ ಮೇಲೆ ದಪ್ಪ ಬಿಳಿ ಅಕ್ಷರ ಮಾತ್ರ ಬೇಡ, ಅದು ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಅವರ ಗುರುತು, ಅದನ್ನು ಬಟ್ಟೆ ಕಂಪನಿಗಳೂ ಎತ್ತಿಕೊಂಡಾಗಿದೆ.

ಈಗ ಮೈಬಣ್ಣದ ಉಪಾಯ. ಬಿಳುಪಿನ ಕ್ರೀಮುಗಳ ಜಾಹೀರಾತಿನಲ್ಲಿ ಒಂದೇ ಮುಖ ನಾಲ್ಕೈದು ಸಲ ಸಾಲಾಗಿ ಬಂದು, ಎಡದಿಂದ ಬಲಕ್ಕೆ ತಿಳಿಯಾಗುತ್ತ ಹೋಗುವುದನ್ನು ನೋಡಿದ್ದೀರಿ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆಯಿತು, ಆ ಸಾಲು ಮಾತ್ರ ನಮ್ಮ ತಲೆಯಲ್ಲಿ ಹಾಗೇ ಇದೆ. ಇದನ್ನು ಮೇಕಪ್ ಇಲ್ಲದೆ, ಎಡಿಟಿಂಗ್ ಇಲ್ಲದೆ, ದೀಪವೊಂದರಿಂದಲೇ ಮಾಡಬಹುದು. ಬಿಳಿ ಹಿನ್ನೆಲೆಗೆ ಬೇರೆ ದೀಪ ಕೊಟ್ಟು ಅದನ್ನು ಮುಟ್ಟಬೇಡಿ. ನೀವು ಹಿನ್ನೆಲೆಯಿಂದ 6 ಅಡಿಯಾದರೂ ಮುಂದೆ ಇರಿ. ಮುಖದ ದೀಪ ಮುಖದಿಂದ 3 ಅಡಿಯಲ್ಲಿರಲಿ, ಆಗ ಅದರ ಬೆಳಕು ಹಿನ್ನೆಲೆ ತಲುಪುವಷ್ಟರಲ್ಲಿ ಒಂಬತ್ತನೇ ಒಂದು ಪಾಲಿಗೆ ಇಳಿದಿರುತ್ತದೆ. ಕ್ಯಾಮೆರಾ ಪೂರ್ತಿ ಮ್ಯಾನ್ಯುಯಲ್, ವೈಟ್ ಬ್ಯಾಲೆನ್ಸ್ ಕೂಡ. ದೀಪದ ಡಿಮ್ಮರನ್ನು ಶೇ 25, 35, 50, 71, 100ಕ್ಕೆ ಇಟ್ಟು ಐದು ಚಿತ್ರ ತೆಗೆಯಿರಿ, ಒಂದಕ್ಕೊಂದು ಅರ್ಧ ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಮುಖ ಕದಲಬಾರದು, ನಗು ಬದಲಾಗಬಾರದು. ಎಲ್ಲ ಡಿಮ್ಮರುಗಳೂ ಹೇಳಿದಷ್ಟೇ ಶೇಕಡ ಕೊಡುವುದಿಲ್ಲ, ಮುಖದ ಜಾಗದಲ್ಲಿ ಬೂದು ಕಾರ್ಡ್ ಹಿಡಿದು ಕ್ಯಾಮೆರಾದ ಹಿಸ್ಟೋಗ್ರಾಂನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಹೆಜ್ಜೆ ಸಮ ಇದೆಯೇ ಪರೀಕ್ಷಿಸಿ. ಐದನ್ನೂ ಸಾಲಾಗಿಟ್ಟು ಪ್ರತಿಯೊಂದರ ಕೆಳಗೆ ದೀಪದ ಶೇಕಡ ಮಾತ್ರ ಬರೆದರೆ ಆಯಿತು, ವಿವರಣೆ ಬೇಕಿಲ್ಲ.

ಅಚ್ಚು, ಅಳತೆ, ಗೋಡೆ

ಎಷ್ಟು ದೊಡ್ಡದಾಗಿ ಅಚ್ಚುಹಾಕಬೇಕು ಎಂಬುದಕ್ಕೆ ಗೋಡೆ ನೋಡಬೇಡಿ, ಮೂಲದ ಜಾತಿ ನೋಡಿ. ಅಮೆರಿಕದ ಕಲಾವಿದೆ ಸಿಂಡಿ ಶರ್ಮನ್ 1977–80ರ ‘ಅನ್‌ಟೈಟಲ್ಡ್ ಫಿಲ್ಮ್ ಸ್ಟಿಲ್ಸ್’ ಚಿತ್ರಗಳನ್ನು ಸುಮಾರು 8×10 ಇಂಚಿಗೆ ಅಚ್ಚುಹಾಕಿದ್ದು ಸಿನಿಮಾ ಪ್ರಚಾರದ ಫೋಟೊಗಳ ಅಳತೆ ಅದೇ ಆದ್ದರಿಂದ. ಕ್ರೂಗರ್ ಅವರ ‘ಐ ಶಾಪ್ ದೇರ್‌ಫೋರ್ ಐ ಆಮ್’ (1987) ಒಂಬತ್ತು ಅಡಿಯಷ್ಟಿದೆ, ಹೋರ್ಡಿಂಗಿನ ಭಾಷೆ ಅದು. ಪತ್ರಿಕೆಯ ಜಾಹೀರಾತಾದರೆ ಪತ್ರಿಕೆಯ ಪುಟದಷ್ಟೇ ಇರಲಿ. ಕ್ಯಾಲೆಂಡರಾದರೆ 130 ಜಿಎಸ್‌ಎಂ ಆರ್ಟ್ ಪೇಪರಿನಲ್ಲಿ ಅಚ್ಚುಹಾಕಿ, ಮೇಲೆ ಕೆಳಗೆ ತಗಡಿನ ಪಟ್ಟಿ ಕೂರಿಸಿ, ಮೊಳೆಗೆ ನೇತುಹಾಕಿ. ಅದಕ್ಕೆ ಚಿನ್ನದ ಬಣ್ಣದ ಫ್ರೇಮ್ ಬೇಕಿಲ್ಲ.

ಗ್ಯಾಲರಿಗೆ, ಸಂಗ್ರಹಕ್ಕೆ ಕೊಡುವ ಪ್ರತಿಗೆ ಪಿಗ್ಮೆಂಟ್ ಇಂಕ್, 300 ಜಿಎಸ್‌ಎಂ ಹತ್ತಿ ಕಾಗದ. 24 ಮೆಗಾಪಿಕ್ಸೆಲ್ ಫೈಲು 300 ಪಿಪಿಐಗೆ (ಇಂಚಿಗೆ ಇಷ್ಟು ಪಿಕ್ಸೆಲ್) 20×13 ಇಂಚು, 200ಕ್ಕೆ 30×20 ಇಂಚಿನವರೆಗೆ ತಡೆಯುತ್ತದೆ. ಪೂರ್ತಿ ಅಚ್ಚಿಗೆ ಮುಂಚೆ ಮುಖ ಮತ್ತು ಸೀರೆಯ ಅಂಚು ಬರುವ ನಾಲ್ಕು ಇಂಚಿನ ಪಟ್ಟಿಯೊಂದನ್ನು ಅಂತಿಮ ಅಳತೆಯಲ್ಲೇ ತೆಗೆಸಿ, ಹಗಲಿನಲ್ಲಿ ನೋಡಿ. ಮ್ಯಾಟ್ ಕಾಗದದಲ್ಲಿ ಕಪ್ಪು ಸ್ವಲ್ಪ ಬೂದಿಗೆ ಇಳಿಯುತ್ತದೆ, ಜಡೆ, ತುರುಬಿನ ಎಳೆಗಳು ಹೂತುಹೋಗುತ್ತವೆ. ಆ ಭಾಗವನ್ನಷ್ಟೇ ಕಾಲು ಸ್ಟಾಪ್ ಏರಿಸಿ.

ಚಿತ್ರದ ಮೇಲ್ಮೈ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇರಬೇಕು. ಮಂಗಳೂರು, ಕಾರವಾರದ ಕಡೆ ಗಾಜಿಗೆ ತಾಗಿದ ಪ್ರಿಂಟು ಒಂದೇ ಮಳೆಗಾಲಕ್ಕೆ ಅಂಟಿಕೊಂಡು ಬೂಷ್ಟು ಹಿಡಿಯಬಹುದು. ಮೌಂಟಿಗೆ ಸೆಲ್ಲೊಟೇಪ್ ಬೇಡ, ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ತೆಳು ಕಾಗದದ ಎರಡು ಪಟ್ಟಿಗಳನ್ನು ಗೋಧಿ ಅಂಟಿನಿಂದ ಮೇಲಂಚಿಗೆ ಮಾತ್ರ ಹಚ್ಚಿ, ಕೆಳಗಡೆ ಸಡಿಲ ಬಿಡಿ, ಕಾಗದ ಹಿಗ್ಗಿ ಕುಗ್ಗಲು ಜಾಗ ಬೇಕು.

ಪಕ್ಕದ ಪಟ್ಟಿಯಲ್ಲಿ ಕೃತಿಯ ಹೆಸರು, ವರ್ಷ, ಮಾಧ್ಯಮ, ಮೂಲ ಜಾಹೀರಾತಿನ ವರ್ಷ, ಜೊತೆಗೆ ಫೋಟೊ ತೆಗೆದವರು, ಪರದೆ ಬರೆದವರು, ರವಿಕೆ ಹೊಲಿದವರ ಹೆಸರು ಬರಲಿ. ಮೂಲಚಿತ್ರವನ್ನು ಪಕ್ಕದಲ್ಲೇ ತೂಗುಹಾಕಬೇಡಿ. ಜನ ಎರಡನ್ನೂ ತಾಳೆ ನೋಡಿ ವ್ಯತ್ಯಾಸ ಹುಡುಕುವ ಆಟಕ್ಕೆ ಇಳಿಯುತ್ತಾರೆ. ಕ್ಯಾಮೆರಾ ಹಿಡಿದವರೊಡನೆ ಶೂಟಿಂಗಿಗೆ ಮುಂಚೆಯೇ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಹಕ್ಕು ಯಾರದು, ಎಷ್ಟು ಪ್ರತಿ, ಮಾರಾಟವಾದರೆ ಪಾಲೆಷ್ಟು. ಬಾಯಿಮಾತಿನಲ್ಲಿ ಬಿಟ್ಟರೆ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಕ್ಯಾಮೆರಾ ಹಿಡಿದವರೇ ಆಗುತ್ತಾರೆ. ಐದು ಪ್ರತಿ ಎಂದು ಬರೆದರೆ ಐದೇ. ಸಂಖ್ಯೆ, ಸಹಿ ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲಿನಲ್ಲಿ ಹಾಕಿ, ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ.